ಫಲಶ್ರುತಿಯಲ್ಲಿ ಅನುವಾದಕಿಗೆ ಪಾಲಿಲ್ಲ

ದುಡ್ಡು ಕೇಳುವ ವಿಷಯದಲ್ಲಿ ನನ್ನಂಥ ಪುಕ್ಕಲಿ ಕಡೂರು ತಾಲ್ಲೂಕಿನಲ್ಲಿ ಇನ್ನೊಬ್ಬಳಿಲ್ಲ. ತರಕಾರಿಯವನು ಚಿಲ್ಲರೆ ಇಲ್ಲ ಎಂದರೆ ‘ಪರವಾಗಿಲ್ಲ ಬಿಡಪ್ಪಾ’ ಎಂದು ಧಾರಾಳವಾಗಿ ನಕ್ಕು, ಮನೆ ಮುಟ್ಟುವವರೆಗೂ ಅವನನ್ನು ಬೈದುಕೊಂಡು ಬರುವ ಪೈಕಿ ನಾನು. ಇನ್ನು ‘ದೇವರ ಕೆಲಸ’ ಎಂಬ ಮಾತು ಕಿವಿಗೆ ಬಿದ್ದರಂತೂ ಮುಗಿದೇ ಹೋಯಿತು, ಬಾಯಿ ಕಟ್ಟಿಹೋಗುತ್ತದೆ.

ಇದು ರುದ್ರಪ್ಪನವರಿಗೆ ಹೇಗೆ ಗೊತ್ತಾಯಿತೋ ಕಾಣೆ. ಸಖರಾಯಪಟ್ಟಣದ ದಾರಿಯಲ್ಲಿರುವ ಅವರ ಊರಿನ ಕೋಡಿಯಮ್ಮನ ಗುಡಿಯ ಕಮಿಟಿಗೆ ಅವರು ಅಧ್ಯಕ್ಷರು, ಕಸುಬು ತೆಂಗಿನಕಾಯಿ ವ್ಯಾಪಾರ. ಅಮ್ಮನ ಮಹಿಮೆಯನ್ನು ಹಿಂದೆಂದೋ ಒಬ್ಬ ಪಂಡಿತರು ಸಂಸ್ಕೃತದಲ್ಲಿ ಬರೆದಿಟ್ಟಿದ್ದರು. ಶುಕ್ರವಾರ ಶುಕ್ರವಾರ ಪೂಜಾರಿ ಅದನ್ನು ಓದುವುದು, ಊರವರು ಕೈಮುಗಿದುಕೊಂಡು ಆಕಳಿಸುವುದು ನಡೆದುಬಂದಿತ್ತು. ಅದನ್ನು ಕನ್ನಡಕ್ಕೆ ತರಬೇಕೆಂದು, ಅಜ್ಜಂಪುರದ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿ ರಿಟೈರಾದ ನನ್ನನ್ನು ಹುಡುಕಿಕೊಂಡು ಒಂದು ಗೊನೆ ಎಳನೀರಿನ ಸಮೇತ ಬಂದರು.

“ದೇವ್ರ ಕೆಲ್ಸ ಕಣ್ರೀ ಟೀಚರಮ್ಮ. ದುಡ್ಡಿನ ಮಾತಾಡಿ ನಿಮಗೆ ಅವಮಾನ ಮಾಡಲ್ಲ.”

ಮಾಡಿ ಸ್ವಾಮಿ, ಒಂಚೂರು ಅವಮಾನ ಮಾಡಿ ಎಂದು ಒಳಗೊಳಗೇ ಅಂಗಲಾಚಿದೆ. ಹೊರಗೆ ಮಾತ್ರ “ಛೆ ಛೆ, ದುಡ್ಯಾಕೆ!” ಎಂದುಬಿಟ್ಟೆ.

ಅಲ್ಲ, ನೀವೇ ಹೇಳಿ. ಗುಡಿಗೆ ಸುಣ್ಣ ಬಳಿಯುವವನೂ ದೇವರ ಕೆಲಸವನ್ನೇ ಮಾಡುತ್ತಾನೆ, ಅವನಿಗೆ ಕೂಲಿ ಉಂಟು. ವಾಲಗದವರಿಗೆ ಎಲೆಯಡಿಕೆಯ ಕೆಳಗೆ ನೋಟು ಉಂಟು. ಈ ಪುಸ್ತಕದ ವಿಷಯಕ್ಕೇ ಬಂದರೆ ಡಿಟಿಪಿ ಮಾಡಿದ ಹುಡುಗಿಗೆ ಪುಟಕ್ಕಿಷ್ಟು ಎಂದು ಗೊತ್ತಾಗಿತ್ತು, ತರೀಕೆರೆಯ ಪ್ರೆಸ್ಸಿನವರು ಅಡ್ವಾನ್ಸ್ ಇಲ್ಲದೆ ಮಿಷನ್ ಮುಟ್ಟುವುದಿಲ್ಲ ಎಂದಿದ್ದರು, ಬಿಡುಗಡೆಯ ದಿನ ಕೇಸರಿಬಾತು ಕೆದಕುವ ಅಡಿಗೆಯವರಿಗೂ ವೀಳ್ಯ ಕೊಟ್ಟಾಗಿತ್ತು. ಕಾಗದಕ್ಕೆ ಕಾಸು, ಕೇಸರಿಬಾತಿಗೆ ಕಾಸು, ಕಾಗದದ ಮೇಲಿನ ಮಾತು ಮಾತ್ರ ಪುಕ್ಕಟೆ! ಅವರದೆಲ್ಲ ಕಣ್ಣಿಗೆ ಕಾಣುವ ಕೆಲಸ, ಅನುವಾದವೆಂದರೆ ಮುಕ್ಕಾಲು ಪಾಲು ಕಿಟಕಿಯಾಚೆ ನೋಡುತ್ತ ಕೂರುವುದು, ಅದೇ ತೊಂದರೆ. ಅಮ್ಮನ ಕಣ್ಣನ್ನು ಬಣ್ಣಿಸುವ ಮಾರುದ್ದದ ಸಮಾಸವೊಂದಕ್ಕೆ ಕನ್ನಡ ಹುಡುಕುತ್ತ ನಾನು ಬೆವರುತ್ತಿದ್ದಾಗ, ಶಿವನಿ ಸ್ಟೇಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಯಜಮಾನರು “ಸುಮ್ನೆ ಕೂತಿದ್ದೀಯಲ್ಲ, ಈ ಬೆಳ್ಳುಳ್ಳಿನಾದ್ರೂ ಬಿಡ್ಸು” ಎಂದು ಮೊರ ತಂದು ತೊಡೆಯ ಮೇಲಿಟ್ಟು ಹೋದರು.

ಹಾಗೆಂದು ಕೂಲಿ ಕೊಡಲು ಹೊರಟರೂ ಸಲೀಸಲ್ಲ. ಯಾವ ಲೆಕ್ಕದಲ್ಲಿ ಕೊಡುತ್ತೀರಿ? ಕೋಡಿಯಮ್ಮ ಕೊಂದ ರಾಕ್ಷಸನಿಗೆ ನೂರು ತೋಳು. ಒಂದೊಂದು ತೋಳನ್ನು ಒಂದೊಂದು ಶ್ಲೋಕದಲ್ಲಿ ಸಾವಕಾಶವಾಗಿ ಕತ್ತರಿಸುತ್ತಾಳೆ. ಬಿಟ್ಟಿ ಅನುವಾದಕಿಯಾದ ನಾನು ‘ಬೇಗ ಮುಗಿಸು ತಾಯಿ, ಅನ್ನಕ್ಕಿಡಬೇಕು’ ಎಂದು ಬೇಡಿಕೊಳ್ಳುತ್ತಿದ್ದೆ. ಶ್ಲೋಕಕ್ಕಿಷ್ಟು ಎಂದು ಮಾತಾಗಿದ್ದರೆ, ಆ ರಾಕ್ಷಸನಿಗೆ ಇನ್ನೊಂದು ಹತ್ತು ತೋಳು ಚಿಗುರಲಿ ಎಂದು ಅದೇ ಅಮ್ಮನಿಗೆ ಹರಕೆ ಹೊರುತ್ತಿದ್ದೆನೇನೋ. ಹಿಂದಿನವರು ಜಾಣರು, ಈ ರಗಳೆಯೇ ಬೇಡವೆಂದು ಭೂಮಿಯನ್ನೇ ಕೊಟ್ಟುಬಿಡುತ್ತಿದ್ದರು. ನಮ್ಮ ಪಂಡಿತರಿಗೂ ಊರ ಗೌಡರು ಕೆರೆ ಕೆಳಗಿನ ಗದ್ದೆ ಕೊಟ್ಟರಂತೆ. ಪಂಡಿತರು ಅದನ್ನು ಚೆಕ್ಕುಬಂದಿ ಸಮೇತ ಶ್ಲೋಕವನ್ನಾಗಿ ಮಾಡಿ ಗ್ರಂಥದಲ್ಲೇ ಸೇರಿಸಿಬಿಟ್ಟಿದ್ದಾರೆ, ಪಹಣಿಗಿಂತ ಭದ್ರ. ಅದನ್ನೂ ನಾನೇ ಕನ್ನಡಕ್ಕೆ ತಂದೆ, ಹೊಟ್ಟೆ ಉರಿದುಕೊಂಡು.

ಕೊನೆಗೆ ಫಲಶ್ರುತಿಗೆ ಬಂದೆ. ಇಂಥ ಗ್ರಂಥದಿಂದ ಯಾರ‍್ಯಾರಿಗೆ ಏನೇನು ಸಿಗುತ್ತದೆಂದು ತಿಳಿಸುವ ಭಾಗ ಅದು. ಓದಿದವರಿಗೆ ಧನಧಾನ್ಯ, ಕೇಳಿದವರಿಗೆ ಸಂತಾನ, ನಕಲು ಮಾಡಿಕೊಂಡವರಿಗೆ ಸದ್ಗತಿ. ಓದದೆ ಮನೆಯಲ್ಲಿ ಸುಮ್ಮನೆ ಇಟ್ಟುಕೊಂಡವರಿಗೆ ಚೇಳಿನ ಭಯವಿಲ್ಲ. ಕೇಳುತ್ತ ಕೇಳುತ್ತ ನಿದ್ದೆ ಹೋದವರಿಗೂ ಅರ್ಧ ಫಲ! ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಅನುವಾದ ಮಾಡಿದವರ ಸುದ್ದಿಯೇ ಇಲ್ಲ.

“ಇಲ್ಲೂ ಇಲ್ಲ, ಅಲ್ಲೂ ಇಲ್ಲ ಅನ್ನು,” ಎಂದು ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ರೇಗಿಹೋಯಿತು. ಅಷ್ಟು ವರ್ಷ ಪಾಠ ಹೇಳಿ ಸಂಬಳ ಎಣಿಸಿಕೊಂಡಾಗ ಸರಸ್ವತಿ ಮುನಿಸಿಕೊಳ್ಳಲಿಲ್ಲ, ಈಗ ಕೋಡಿಯಮ್ಮ ಯಾಕೆ ಮುನಿಸಿಕೊಂಡಾಳು? ನನಗೆ ಕೂಲಿ ಬೇಕು, ಬೇಕೇ ಬೇಕು. ಕೇಳಿಯೇ ಬರುತ್ತೇನೆ ಎಂದು ಕಮಿಟಿಯ ಮೀಟಿಂಗಿಗೆ ಹೊರಟೆ.

ಬಸ್ಸಿನುದ್ದಕ್ಕೂ ‘ಎಷ್ಟು ಕೊಡ್ತೀರಿ’ ಎಂದು ಬಾಯಿಪಾಠ ಮಾಡಿದ್ದೆ. ಗುಡಿಯ ಜಗುಲಿಯಲ್ಲಿ ಎದ್ದು ನಿಂತಾಗ ಬಾಯಿಂದ ಹೊರಟದ್ದು ಫಲಶ್ರುತಿ! ಎಲ್ಲವನ್ನೂ ಓದಿ, “ಕನ್ನಡಕ್ಕೆ ತಂದವರಿಗೆ ಮಾತ್ರ... ಏನೂ ಹೇಳಿಲ್ಲ...” ಎಂದು ರಾಗ ಎಳೆದು ಕುಳಿತೆ.

“ಅಷ್ಟೇ ತಾನೆ?” ಎಂದರು ರುದ್ರಪ್ಪನವರು. “ನಿಮಗೂ ಒಂದು ಸಾಲು ಸೇರ‍್ಸ್ಕೊಳ್ಳಿ. ಏನು ಬೇಕೋ ಬರ‍್ಕೊಳ್ಳಿ, ಕಮಿಟಿ ಅಡ್ಡ ಬರಲ್ಲ.”

ಎಂಥ ಧಾರಾಳ, ಅದೂ ಅಮ್ಮನ ಖಾತೆಯಿಂದ! “ನೂರು ವರ್ಷ ಆಯಸ್ಸು ಹಾಕ್ಕೊಳ್ಳಲಾ?” ಎಂದೆ ಕುಚೋದ್ಯಕ್ಕೆ.

“ನೂರು ಜಾಸ್ತಿ ಆಯ್ತು. ತೊಂಬತ್ತಕ್ಕೆ ಮುಗಿಸ್ಬಿಡಿ.” ವ್ಯಾಪಾರದ ನಾಲಿಗೆ, ಪಾಪ, ತಾನಾಗಿಯೇ ಚೌಕಾಸಿಗೆ ಇಳಿದಿತ್ತು.

ಅಷ್ಟರಲ್ಲಿ ಹಿಂದಿನಿಂದ ಒಬ್ಬರು, “ಹಂಗೇ ಬೋರ್‌ವೆಲ್‌ನಲ್ಲಿ ನೀರು ಬೀಳೋದನ್ನೂ ಹಾಕ್ಬಿಡಿ” ಎಂದರು. “ಮಂಡಿ ನೋವೂ ಸೇರ್ಲಿ,” ಎಂದರು ಇನ್ನೊಬ್ಬರು. “ಕಾಯಿಗೆ ಒಳ್ಳೆ ರೇಟು,” ಎಂದು ರುದ್ರಪ್ಪನವರೂ ಮೆಲ್ಲಗೆ ತೂರಿಸಿದರು. ನೋಡನೋಡುತ್ತ ಫಲಶ್ರುತಿ ಗ್ರಾಮಸಭೆಯ ಅಹವಾಲಾಗಿಹೋಯಿತು. ಎಲ್ಲರೂ ನಾನು ಬರೆದುಕೊಳ್ಳುತ್ತೇನೆಂದು ನನ್ನ ಪೆನ್ನನ್ನೇ ನೋಡುತ್ತಿದ್ದರು.

“ಆಗಲ್ಲ!” ಎಂದು ಕೂಗಿಯೇಬಿಟ್ಟೆ. “ಮೂಲದಲ್ಲಿ ಇಲ್ಲದ್ದನ್ನ ಅಮ್ಮನ ಬಾಯಿಗೆ ತುರುಕಕ್ಕೆ ನನ್ನ ಕೈಲಾಗಲ್ಲ. ನನಗೂ ಬೇಡ, ನಿಮಗೂ ಬೇಡ!”

ಹೋಯ್ತು, ಬರಬಹುದಾದ ಶಾಲೂ ಕೈತಪ್ಪಿತು ಎಂದುಕೊಂಡೆ. ಆಗ ಕಂಬಕ್ಕೊರಗಿ ಕೂತಿದ್ದ ಗಂಗಮ್ಮ ಮಾತಾಡಿದರು. ರುದ್ರಪ್ಪನವರ ಸೋದರತ್ತೆ, ಹುಟ್ಟಿದಾಗಿನಿಂದ ಆ ಸಂಸ್ಕೃತವನ್ನು ಅರ್ಥವಾಗದೆಯೇ ಕೇಳಿದ ಮುದುಕಿ.

“ಅಲ್ಲ ತಾಯಿ, ನೀನು ಬರ‍್ದಿರೋದ್ರಲ್ಲಿ ನಿಂದು ಅಂತ ಒಂದು ಮಾತೂ ಸೇರ‍್ಸಿಲ್ವಾ?”

“ಇಲ್ಲ.”

“ಕೈ ತುರಿಸ್ಲಿಲ್ವಾ?”

“ದಿನಾ ತುರಿಸ್ತಿತ್ತು ಅಜ್ಜಿ. ಆ ರಾಕ್ಷಸನಿಗೆ ಬರೀ ಎರಡೇ ತೋಳು ಮಾಡಿಬಿಡೋಣ ಅಂತ ಎಷ್ಟು ಸಲ ಅನ್ನಿಸ್ತೋ!”

ಗಂಗಮ್ಮ ಅಳಿಯನ ಕಡೆ ತಿರುಗಿದರು. “ಲೇ ರುದ್ರ, ಈಯಮ್ಮಂಗೆ ಕೂಲಿ ಕೊಡೋ. ಅಷ್ಟು ತುರಿಕೆ ತಡ್ಕೊಂಡು ಕೂತವ್ಳೆ. ಬಿಟ್ಟಿ ಮಾಡಿಸ್ಕೊಂಡ್ರೆ ಪುಣ್ಯವೆಲ್ಲ ಮಾಡಿದವ್ರಿಗೇ ಹೋಗ್ತದೆ ಕಣೋ. ತಿರುಳು ಅವ್ಳಿಗೆ, ಕರಟ ನಿಂಗೆ!”

ಕರಟ ಎಂದ ಕೂಡಲೇ ರುದ್ರಪ್ಪನವರ ಕೈ ಜೇಬಿಗೆ ಹೋದ ವೇಗವನ್ನು ನೀವು ನೋಡಬೇಕಿತ್ತು. ನಾನೂ ‘ಛೆ ಛೆ’ ಎನ್ನಲು ಮರೆತು ಎರಡೂ ಕೈ ಚಾಚಿ ತೆಗೆದುಕೊಂಡೆ. ಆಹಾ, ಏನು ಸುಖವಾಯಿತು ಅಂತೀರಿ!

ಈಗ ಬೇರೆ ಬೇರೆ ಊರಿನವರೂ ಗ್ರಂಥ ಹಿಡಿದುಕೊಂಡು ಬರುತ್ತಾರೆ. ದೇವರ ಕೆಲಸ ಎನ್ನುತ್ತಾರೆ. ಹೌದು ಸ್ವಾಮಿ, ಬರೆಯುವುದೆಲ್ಲ ದೇವರ ಕೆಲಸವೇ, ಅದು ಪುಕ್ಕಟೆ ಎನ್ನುತ್ತೇನೆ. ಕೈ ತುರಿಸಿದರೂ ಬರೆಯದೆ ಬಿಡುವುದಿದೆಯಲ್ಲ, ಕೂಲಿ ಅದಕ್ಕೆ. ಕೊಂಚ ದುಬಾರಿ.