ಸ್ಪೇನಿನ ಅಕ್ಕ, ಘೋಡಗೇರಿಯ ಅಕ್ಕ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಅದನ್ನು ಮುಚ್ಚಿಡುವ ವಯಸ್ಸೂ ಈಗ ದಾಟಿದೆ. ಆದರೆ ನೂರಾರು ವರ್ಷಗಳ ಹಿಂದೆ ಸತ್ತ ಸ್ಪೇನಿನ ಒಬ್ಬ ಹೆಂಗಸಿನ ಮೇಲೂ ನನ್ನ ಹೊಟ್ಟೆ ಉರಿದೀತು ಎಂದು ನಾನೇ ಎಣಿಸಿರಲಿಲ್ಲ.

ಗೋಕಾಕದ ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತಳಾದ ಮೇಲೆ ಒಂದು ಹುಚ್ಚು ಹಚ್ಚಿಕೊಂಡೆ. ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಅಲ್ಲಿನವರ ನೆಲ ಕಸಿದು, ಮೇಲೆ ‘ಅನ್ವೇಷಕ’ ಎಂದೂ ಅನ್ನಿಸಿಕೊಂಡ ಒಬ್ಬ ಸ್ಪೇನಿನವನ ಮನೆತನ ಹುಡುಕುವ ಹುಚ್ಚು. ಪಠ್ಯಪುಸ್ತಕದಲ್ಲಿ ಅವನಿಗೆ ಒಂದೇ ಸಾಲು. ಅವನೂರಿನ ಚರ್ಚಿನ ಹಳೆಯ ದಾಖಲೆಗಳು ಈಗ ಅಂತರ್ಜಾಲದಲ್ಲಿ ಸಿಗುತ್ತವೆ. ಗೊತ್ತಿಲ್ಲದ ಭಾಷೆಯನ್ನು ಫೋನು ತಕ್ಕಮಟ್ಟಿಗೆ ಬಿಡಿಸಿ ಹೇಳುತ್ತದೆ. ಅಪ್ಪ, ಅಜ್ಜ, ಸೋದರಮಾವ ಎಂದು ಹುಡುಕುತ್ತ ಹೋದಾಗ ಅವನ ಅಕ್ಕ ಸಿಕ್ಕಳು. ಮದುವೆಯಾದವಳಲ್ಲ, ಊರು ಬಿಟ್ಟವಳಲ್ಲ. ಆದರೂ ಹುಟ್ಟಿದಾಗ ಬರೆದಿದ್ದಾರೆ, ಸತ್ತಾಗ ಬರೆದಿದ್ದಾರೆ. ತಮ್ಮನಾದವನು ಅಪ್ಪನ ಮನೆತನದ ಹೆಸರು ಇಟ್ಟುಕೊಂಡರೆ, ಇವಳು ತಾಯಿಯ ಮನೆತನದ್ದು ಇಟ್ಟುಕೊಂಡಿದ್ದಾಳೆ. ಆಗ ಅಲ್ಲಿ ಹಾಗೂ ನಡೆಯುತ್ತಿತ್ತಂತೆ. ಕಂಪ್ಯೂಟರ್ ಮುಚ್ಚಿ ಎದ್ದುಬಿಟ್ಟೆ. ಅಂದು ಊಟ ರುಚಿಸಲಿಲ್ಲ.

ಯಾಕೆಂದರೆ ನಾನೂ ಅಕ್ಕ, ನನಗೂ ಮದುವೆಯಾಗಿಲ್ಲ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿ ನನ್ನ ತವರು. ಅಲ್ಲಿ ನಮ್ಮ ವಂಶಾವಳಿ ಹೇಳುವವರು ಹೆಳವರು. ಕೆಲವು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಹಿಂದೆ ಎತ್ತಿನ ಮೇಲೆ, ಈಗ ಮೋಟಾರ್ ಸೈಕಲ್ಲಿನ ಮೇಲೆ. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದರೆ, ಮೂಲಪುರುಷನಿಂದ ಹಿಡಿದು ಇಂಥವನ ಮಗ ಇಂಥವ ಎಂದು ರಾಗವಾಗಿ ಹೇಳುತ್ತ ಬರುತ್ತಾರೆ. ಜೋಳ, ಬಟ್ಟೆ ಕೊಟ್ಟು ಕಳಿಸುವುದು ಪದ್ಧತಿ. ಆ ಸಾಲಿನಲ್ಲಿ ಅಪ್ಪನ ನಂತರ ನನ್ನ ತಮ್ಮ ಬರುತ್ತಾನೆ, ಅವನ ಗಂಡುಮಕ್ಕಳು ಬರುತ್ತಾರೆ. ನಾನು ಎತ್ತಿ ಆಡಿಸಿ, ಮೂಗು ಒರೆಸಿ ಬೆಳೆಸಿದ ತಮ್ಮ ತನ್ನ ಹೆಸರು ಬಂದ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ಅವನ ತೊಡೆ ಚಿವುಟಬೇಕು ಅನ್ನಿಸುತ್ತಿತ್ತು.

ಕಳೆದ ಸುಗ್ಗಿಯಲ್ಲಿ ತಮ್ಮ ಫೋನ್ ಮಾಡಿ, ಹೆಳವರು ಮೂಡಲಗಿಯಲ್ಲಿ ಬಿಡಾರ ಹಾಕಿದ್ದಾರೆ, ನಾಳೆ ನಮ್ಮಲ್ಲಿಗೆ ಬರುತ್ತಾರೆ ಎಂದ. ಬೆಳಗಿನ ಬಸ್ಸಿಗೇ ಹೋದೆ. ಹೆಳವರ ಹಿರಿಯರು ಎಲ್ಲ ಹೇಳಿ ಮುಗಿಸಿದ ಮೇಲೆ, ನನ್ನ ಹೆಸರು ಎಲ್ಲಿ ಎಂದು ಕೇಳಿದೆ.

ಅವರಿಗೆ ನಗು ಬಂತು. “ಕೊಟ್ಟ ಮನಿ ಯಾವುದ್ರಿ ಅವ್ವಾರ? ಹೆಣ್ಣಮಕ್ಕಳು ಆ ಮನಿಗಿ ಸೇರಿದವ್ರು.”

“ನನ್ನ ಯಾವ ಮನಿಗೂ ಕೊಟ್ಟಿಲ್ಲರಿ. ನಾ ಈ ಮನ್ಯಾಗ ಹುಟ್ಟಿದಾಕಿ, ಇನ್ನೂ ಇದ ಮನಿಯಾಕಿ. ನನ್ನ ಎಲ್ಲಿ ಇಡ್ತೀರಿ?”

ಅವರು ಉತ್ತರಕ್ಕಾಗಿ ನನ್ನ ತಮ್ಮನ ಮುಖ ನೋಡಿದರು. ಜೋಳ ಅಳೆದು ಕೊಡುವವನು ಅವನಲ್ಲವೇ! ಅದಕ್ಕೂ ನನ್ನ ಹೊಟ್ಟೆ ಉರಿಯಿತು. ತಮ್ಮ ಕುತ್ತಿಗೆ ಕೆರೆದುಕೊಂಡ.

“ಸೇರಸ್ರಿ,” ಎಂದ. “ಅಕ್ಕ ಹೇಳೂದು ಖರೆ ಐತಿ.”

ಹಿರಿಯರು ಚಹಾ ಕುಡಿದು ಅಜ್ಜನಿಂದ ಮತ್ತೆ ಶುರು ಮಾಡಿದರು. ಒಂದೇ ತಂದೆಯ ಮಕ್ಕಳನ್ನು ಹೇಳುವಾಗ ಮೊದಲು ಹುಟ್ಟಿದವರ ಹೆಸರು ಮೊದಲು ಬರಬೇಕು, ಅದು ಹೆಳವರ ಪದ್ಧತಿ. ಇದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ಅಪ್ಪನ ಹೆಸರು ಬಂದಾಗ ತಮ್ಮ ರೂಢಿಯಂತೆ ಬೆನ್ನು ನೆಟ್ಟಗೆ ಮಾಡಿದ. ಬಂದದ್ದು ನನ್ನ ಹೆಸರು. ಅವನದು ಆಮೇಲೆ, ಎರಡನೆಯದಾಗಿ ಬಂತು. ಅವನು ನಗಲು ನೋಡಿದ, ಆಗಲಿಲ್ಲ, ಮುಖ ಸಣ್ಣದಾಯಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಅದೇ ಪಡಸಾಲೆಯಲ್ಲಿ ವರ್ಷಗಟ್ಟಲೆ ನಾನು ಅದನ್ನೇ ಹೊತ್ತುಕೊಂಡು ಕೂತವಳು. ಪಾಪ ಅನ್ನಿಸಬೇಕಿತ್ತು.

“ಚಂದಂಗ ಕೇಳಲಿಲ್ಲರಿ,” ಎಂದೆ ಹಿರಿಯರಿಗೆ. “ಇನ್ನೊಮ್ಮೆ ಹೇಳ್ರಿ.”