ಬಲಗಡೆಯ ಸಹಿ ಗೆರೆ

ಚಾಮರಾಜಪೇಟೆಯ ಮನೆಯಲ್ಲಿ ಅಕ್ಕ ಸಂಗೀತ ಪಾಠ ಹೇಳುತ್ತಿದ್ದಳು. ಪ್ರತಿ ವಿಜಯದಶಮಿಗೆ ಮಕ್ಕಳಿಗೊಂದು ಪ್ರಮಾಣಪತ್ರ ಕೊಡುವುದು ಅವಳ ರೂಢಿ. ಅದನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವ ಕೆಲಸ ಮೊದಲಿನಿಂದಲೂ ನನ್ನದು. ಸುಲ್ತಾನ್‌ಪೇಟೆಯಲ್ಲಿ ದಪ್ಪ ಕಾಗದ ಕೊಂಡು, ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಅವಳ ಮನೆಗೆ ಹೋಗುತ್ತಿದ್ದೆ.

ಮೊದಮೊದಲು ಸಹಿ ಗೆರೆಗೆ ಕೀಬೋರ್ಡಿನ ಅಡಿಗೆರೆಯ ಕೀಲಿಯನ್ನೇ ಒತ್ತಿ ಹಿಡಿಯುತ್ತಿದ್ದೆ. ಎಡಗಡೆ ದಿನಾಂಕ ಸೇರಿಸಿದರೆ ಸಾಕು, ಗೆರೆ ಪಕ್ಕಕ್ಕೆ ಸರಿದು, ಅರ್ಧ ತುಂಡಾಗಿ ಕೆಳಗಿನ ಸಾಲಿಗೆ ಬೀಳುತ್ತಿತ್ತು. ಅಕ್ಕ ಬೆನ್ನ ಹಿಂದೆ ನಿಂತು ನಗುತ್ತಿದ್ದಳು.

“ಏನೇ ಇದು, ನಿನ್ನ ಗೆರೆ ಸಿಟಿ ಬಸ್ ಹಿಡಿಯೋಕೆ ಓಡ್ತಿದ್ಯಲ್ಲ! ಒಂದ್ ಕಡೆ ಕೂರ್ಸೇ ಅದನ್ನ.”

ಕೂರಿಸುವುದನ್ನು ಕಲಿತೆ. ಒಂದು ಕೋಷ್ಟಕ ಹಾಕಿ, ಚೌಕಾಬಾರದ ಹಾಗೆ ಪಕ್ಕಪಕ್ಕ ಮೂರು ಮನೆ ಮಾಡಿ, ಬಲಗಡೆಯ ಮನೆಗೆ ಮಾತ್ರ ತಳದ ಅಂಚು ಉಳಿಸಿ ಮಿಕ್ಕ ಅಂಚುಗಳನ್ನೆಲ್ಲ ತೆಗೆಯುವುದು. ಆಮೇಲೆ ಎಡಗಡೆ ಏನು ಬರೆದರೂ ಗೆರೆ ಅಲುಗುವುದಿಲ್ಲ. ಅಕ್ಕನ ಸಹಿಗೆ ಕೊನೆಯಲ್ಲೊಂದು ಉದ್ದ ಬಾಲ. ಗೆರೆ ದಾಟಿ ಕೆಳಗಿಳಿದು ಮತ್ತೆ ಮೇಲಕ್ಕೆ ಬರುತ್ತಿತ್ತು. ಅದಕ್ಕೆಂದೇ ಆ ಮನೆಯನ್ನು ಅಗಲವಾಗಿಟ್ಟಿದ್ದೆ.

ಅಕ್ಕ ಹೋದಳು. ವರ್ಷಾಬ್ದಿಕ ಮುಗಿಯುವ ತನಕ ಹಬ್ಬವಿಲ್ಲ, ಪ್ರಮಾಣಪತ್ರವೂ ಇಲ್ಲ. ಪಾಠವನ್ನು ಮಾತ್ರ ಅವಳ ಮಗಳು ಹೇಗೋ ನಡೆಸಿಕೊಂಡು ಬಂದಳು. ಈ ಸಲ ನವರಾತ್ರಿ ಹತ್ತಿರ ಬಂದಾಗ ನನ್ನ ಪಕ್ಕ ಕೂತು ಕೇಳಿದಳು:

“ಚಿಕ್ಕಮ್ಮ, ಸಹಿ ನಾನೇ ಹಾಕ್ಬೇಕಾ?”

“ಪಾಠ ಹೇಳ್ದೋಳು ನೀನು. ಇನ್ಯಾರು, ಪಕ್ಕದ್ಮನೆಯೋರು ಹಾಕ್ತಾರಾ?”

“ಅಮ್ಮನ ಜಾಗದಲ್ಲಿ ಹಾಕಲ್ಲ. ಮಧ್ಯದಲ್ಲಿ ಬೇರೆ ಗೆರೆ ಹಾಕ್ಕೊಡಿ. ಇಲ್ದಿದ್ರೆ ಈ ದಸರಾಗೆ ಪಾಠಾನೇ ನಿಲ್ಲಿಸ್ಬಿಡ್ತೀನಿ.”

ಅವಳು ನಗುತ್ತಿರಲಿಲ್ಲ.

ಹಳೆಯ ಫೈಲು ತೆರೆದೆ. ಅಕ್ಕನ ಹೆಸರು ಅಳಿಸಿದೆ. ಹೆಸರು ಹೋಯಿತು, ಗೆರೆ ಉಳಿಯಿತು. ಅಡಿಗೆರೆ ತೆಗೆಯುವ ಗುಂಡಿ ಒತ್ತಿದೆ, ಗೆರೆ ಕದಲಲಿಲ್ಲ. ಅದು ಅಕ್ಷರದ ಗೆರೆಯಲ್ಲ, ಮನೆಯ ಅಂಚು ಎನ್ನುವುದು ಕೂರಿಸಿದ ನನಗೇ ಮರೆತಿತ್ತು. ಅಂಚು ತೆಗೆದ ಮೇಲೆ ಕಪ್ಪು ಗೆರೆ ಹೋಯಿತು. ಆದರೆ ಅದೇ ಜಾಗದಲ್ಲಿ ಮಸುಕಾದ ಚುಕ್ಕಿಗಳ ಸಾಲೊಂದು ನಿಂತಿತು. ಅದು ಅಂಚಿಲ್ಲದ ಮನೆಯ ಗುರುತು, ಪರದೆಗಷ್ಟೇ, ಕಾಗದದ ಮೇಲೆ ಬರುವುದಿಲ್ಲ, ಗೊತ್ತು. ಆದರೂ ಅಡಿಗೆಮನೆಗೆ ಹೋಗಿ ನೀರು ಕುಡಿದು ಬಂದು ನೋಡಿದೆ. ಪರದೆಯನ್ನು ಹಿಂದೆ ಮುಂದೆ ಬಾಗಿಸಿ ನೋಡಿದೆ. ಅಲ್ಲೇ ಇತ್ತು. ಯಾರೋ ಬೆನ್ನ ಹಿಂದೆ ನಿಂತು ನಗು ತಡೆದುಕೊಂಡ ಹಾಗಾಯಿತು. ತಿರುಗಬಾರದು ಅಂದುಕೊಂಡೇ ತಿರುಗಿದೆ. ಗವಸು ಹಾಕಿದ ತಂಬೂರಿ ಗೋಡೆಗೆ ಒರಗಿತ್ತು, ಅಷ್ಟೆ.

ಮಧ್ಯದ ಮನೆಗೆ ಗೆರೆ ಕೊಟ್ಟು, ಅಕ್ಕನ ಮಗಳ ಹೆಸರು ಹಾಕಿ, ಪ್ರಿಂಟ್ ತೆಗೆದೆ.

ಸರಸ್ವತಿ ಪೂಜೆಗೆ ತಂಬೂರಿ, ಪುಸ್ತಕ, ಪ್ರಮಾಣಪತ್ರಗಳ ಕಟ್ಟು, ನನ್ನ ಲ್ಯಾಪ್‌ಟಾಪು ಎಲ್ಲವೂ ದೇವರ ಮುಂದೆ. ಪುನಃಪೂಜೆ ಆಗುವವರೆಗೆ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ವಿಜಯದಶಮಿ ಬೆಳಿಗ್ಗೆ ಆ ಮನೆಯ ಮೊದಲ ಬರಹವೆಂದರೆ ಯಾವಾಗಲೂ ಅಕ್ಕನ ಸಹಿಯೇ.

ಈ ಸಲ ಅವಳ ಮಗಳು ಚಾಪೆಯ ಮೇಲೆ ಕೂತು ಪೆನ್ನು ಹಿಡಿದಳು. ಉಸಲಿಯ ಬಟ್ಟಲು ಹಿಡಿದು ನಾನು ಎದುರಿಗೇ ಇದ್ದೆ. ಅವಳ ಕಣ್ಣು ಮಧ್ಯದ ಗೆರೆಯ ಮೇಲಿತ್ತು. ಕೈ ಬಲಕ್ಕೆ ಹೋಯಿತು. ಏನೂ ಇಲ್ಲದ ಬಿಳಿ ಜಾಗದಲ್ಲಿ, ಗೆರೆ ಇದ್ದ ಹಾಗೆ, ನೆಟ್ಟಗೆ ಸಹಿ ಹಾಕಿತು. ಕೊನೆಗೆ ಬಾಲವೊಂದು ಕೆಳಗಿಳಿದು ಮೇಲಕ್ಕೆ ಬಂತು. ಅವಳ ಸಹಿಗೆ ಬಾಲವಿದ್ದದ್ದನ್ನು ನಾನು ಕಂಡವಳಲ್ಲ.

“ಮಧ್ಯದಲ್ಲೇ ಹಾಕ್ದೆ ಚಿಕ್ಕಮ್ಮ,” ಅಂದಳು. ಆಮೇಲೆ ಹಾಳೆ ನೋಡಿದಳು. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

ಬಟ್ಟಲನ್ನು ಚಾಪೆಯ ಪಕ್ಕ ಇಟ್ಟೆ. ಉಸಲಿ ಆರುತ್ತಿತ್ತು.

“ಅಲ್ಲೇ ಗೆರೆ ಹಾಕ್ಕೊಟ್ಬಿಡಿ. ಮಕ್ಕಳು ಬಂದ್ಬಿಡ್ತಾರೆ.”

ಲ್ಯಾಪ್‌ಟಾಪಿನ ಮೇಲಿನ ಹೂವು ಸರಿಸಿ, ಕುಂಕುಮ ಒರೆಸದೆ ತೆರೆದೆ. ಬಲಗಡೆಯ ಮನೆಗೆ ಮತ್ತೆ ಅಂಚು ಕೊಟ್ಟೆ. ಚುಕ್ಕಿಗಳ ಮೇಲೆಯೇ ಗೆರೆ ಬಂದು ಕೂತಿತು. ಮಧ್ಯದ್ದನ್ನು ತೆಗೆದು, ಅವಳ ಹೆಸರನ್ನೂ ಬಲಕ್ಕೆ ಸರಿಸಿದೆ. ಈಗ ಚುಕ್ಕಿಗಳು ಅಲ್ಲಿವೆ.

ಎಲ್ಲ ಹೊಸದಾಗಿ ಪ್ರಿಂಟ್ ಆದವು. ಗೆರೆಯಿಲ್ಲದೆ ಸಹಿಯಾದ ಆ ಹಾಳೆಯನ್ನು ಮಾತ್ರ ಯಾವ ಮಗುವಿಗೂ ಕೊಡಲಿಲ್ಲ. ತಂಬೂರಿಯ ಗವಸಿನೊಳಗಿದೆ.