ಗಾಡಿ ನಿಂದ್ರಸೂ ಸರ್ವೇ

ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯವರು ಪಾರ್ಕಿಂಗ್ ಆ್ಯಪ್ ಮಾಡಲು ಹೊರಟಿದ್ದರು. ಮಾಡುವ ಮೊದಲು ಅದು ಜನರಿಗೆ ಬೇಕೋ ಬೇಡವೋ ಕೇಳಿಕೊಂಡು ಬರಲು ನನ್ನನ್ನು ಹಿಡಿದರು. ದಾಂಡೇಲಿಯಲ್ಲಿ ಸರ್ವೇ ಅಂದರೆ ನಾನೇ. ಸೊಳ್ಳೆ, ಶೌಚಾಲಯ, ರೇಷನ್ ಕಾರ್ಡು, ಬಾಣಂತಿಯರ ಲೆಕ್ಕ, ಎಲ್ಲಕ್ಕೂ ಮನೆಮನೆ ತಿರುಗಿದವಳು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯಲ್ಲಿ ಚಹಾ ಕೊಡುತ್ತಾರೆ ಎಂಬುದು ನನಗೆ ಬಾಯಿಪಾಠ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಅರ್ಜಿಯಲ್ಲಿ ಬರೆದಿರಲಿಲ್ಲ.

ಮ್ಯಾನೇಜರ್ ವಿಡಿಯೋ ಕಾಲ್‌ನಲ್ಲಿ ಎರಡು ತಾಸು ಪಾಠ ಮಾಡಿದರು. ಏನನ್ನೂ ಮಾರಬೇಡಿ, ಬರೀ ಕೇಳಿ. ಹೌದು ಅಥವಾ ಅಲ್ಲ ಎಂದು ಮುಗಿದುಹೋಗುವ ಪ್ರಶ್ನೆ ಬೇಡ. ಕೊನೆಯ ಸಲ ಏನಾಯಿತು ಅಂತ ಕೇಳಿ. ಮುಖ್ಯವಾಗಿ, ಗ್ರಾಹಕನ ನೋವು ಎಲ್ಲಿದೆ ಹುಡುಕಿ. ನಮ್ಮಮ್ಮನ ಮೊಣಕಾಲು ಬಿಟ್ಟರೆ ಬೇರೆ ನೋವು ಹುಡುಕಿ ಗೊತ್ತಿಲ್ಲದ ನಾನು ಎಲ್ಲದಕ್ಕೂ ತಲೆಯಾಡಿಸಿದೆ.

ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ನಾನೇ ಕೂತು ನಮ್ಮ ಮಾತಿಗೆ ಇಳಿಸಿದೆ. ಮೊದಲನೆಯದು ಹೀಗಿತ್ತು: “ನಿಮ್ಮಲ್ಲಿ ಗಾಡಿ ನಿಂದ್ರೂದಕ್ಕ ಏನ್ ತ್ರಾಸ ಐತ್ರಿ?” ಇಷ್ಟು ಸಲೀಸಾಗಿ ಬಂದದ್ದಕ್ಕೆ ನನಗೆ ನಾನೇ ಭೇಷ್ ಅಂದುಕೊಂಡೆ. ಕಂಪನಿಯವರು ಒಂದು ಟ್ಯಾಬ್ ಕೊಟ್ಟರು, ಕೊರಳಿಗೆ ಹಾಕಿಕೊಳ್ಳಲು ಕೆಂಪು ಪಟ್ಟಿಯ ಒಂದು ಕಾರ್ಡ್ ಕೊಟ್ಟರು. ಕಾರ್ಡಿನಲ್ಲಿ ದೊಡ್ಡ ಅಕ್ಷರಗಳಲ್ಲಿ ‘ನಿಲುಗಡೆ ಸಮೀಕ್ಷೆ’ ಎಂದಿತ್ತು. ‘ವಾಹನ’ ಎಂಬ ಪದಕ್ಕೆ ಜಾಗ ಸಾಲದೆ ಬಿಟ್ಟಿದ್ದರಂತೆ. ಕೆಳಗೆ ನನ್ನ ಫೋಟೋ, ಯಾರನ್ನೋ ಬೈಯುವ ಮುಂಚಿನ ಮುಖದಲ್ಲಿ.

ದಾಂಡೇಲಿಯಲ್ಲಿ ಕೆಲಸ ಸುರಳೀತ ನಡೆಯಿತು. ಶನಿವಾರ, ರವಿವಾರ ಕಾಳಿ ನದಿಗೆ ಬರುವ ಪ್ರವಾಸಿಗಳು ಕಾರುಗಳನ್ನು ತಂದು ಜನರ ಬಾಗಿಲಿಗೇ ಹಚ್ಚಿ ಹೋಗುತ್ತಾರೆ. ಕೋಗಿಲಬನದಲ್ಲಿ ಒಬ್ಬ ಯಜಮಾನರು ತಮ್ಮ ಅಂಗಳದ ಕಾರಿನ ಮೇಲೇ ಹಪ್ಪಳ ಒಣಹಾಕಿದ್ದರು. “ಯಾರ ಕಾರೋ ಗೊತ್ತಿಲ್ಲವಾ, ನಿನ್ನೆಯಿಂದ ಐತಿ. ಹಪ್ಪಳ ಮಾತ್ರ ನಮ್ಮವು,” ಎಂದರು. ಹಳಿಯಾಳದಲ್ಲಿ ಚಹಾದಂಗಡಿಯವರು, ಆ್ಯಪ್ ಬಂದರೆ ತಮ್ಮ ಅಂಗಡಿಯ ಮುಂದೆ ಯಾರೂ ಗಾಡಿ ನಿಲ್ಲಿಸದಂತೆ ಮಾಡಬಹುದೇ ಎಂದು ಕೇಳಿದರು. ಜೋಯಿಡಾದಲ್ಲಿ ಒಬ್ಬರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, “ಗಾಡಿ ಹಚ್ಚಾಕ ಜಾಗಾ? ಇಡೀ ಜಂಗಲ್ ಐತೆಲ್ರಿ ಬಾಯಿ, ಎಲ್ಲಿ ಬೇಕಲ್ಲಿ ಹಚ್ಚರಿ,” ಅಂದರು. ನಾನು ಟ್ಯಾಬ್‌ನಲ್ಲಿ ‘ನೋವು ಕಡಿಮೆ’ ಎಂದು ಬರೆದೆ.

ಕೊನೆಗೆ ಉಳಿದದ್ದು ಮುಂಡಗೋಡ. ಅಲ್ಲಿ ನನ್ನ ತಂಗಿಯ ಮನೆಯಿದೆ. ಅವಳ ಸ್ಕೂಟಿ ತೆಗೆದುಕೊಂಡು ಪೇಟೆ ಮುಗಿಸಿ, ಚಿಗಳ್ಳಿಯನ್ನೂ ಮುಗಿಸಿ, ಅದರಾಚೆ ರಸ್ತೆಬದಿಯಲ್ಲಿದ್ದ ಸಿದ್ದಿಯವರ ಒಂದು ಸಣ್ಣ ಕೇರಿಗೆ ಬಂದೆ. ಮೊದಲ ಮನೆಯ ಮುಂದೆ ನನ್ನ ವಯಸ್ಸಿನ ಹೆಂಗಸೊಬ್ಬಳು ಭತ್ತ ಕೇರುತ್ತಿದ್ದಳು. ನನ್ನ ಕಾರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಮೊರ ಕೆಳಗಿಟ್ಟಳು. ನಾನು ಪ್ರಶ್ನೆ ಕೇಳಿದೆನೋ ಇಲ್ಲವೋ, “ಬರ್ರಿ ಅಕ್ಕಾರ, ಈಗರೇ ಬಂದ್ರೆಲ್ಲ! ಗಾಡಿ ಇಲ್ಲಿ ನಿಂದ್ರೂದಿಲ್ರೀ!” ಎಂದು ಇಡೀ ಕೇರಿಗೆ ಕೇಳುವಂತೆ ಕೂಗಿದಳು.

ನಿಮಿಷದಲ್ಲಿ ಹದಿನಾಲ್ಕು ಜನ ಸೇರಿದರು. ಇಂಥ ಗ್ರಾಹಕರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಒಬ್ಬೊಬ್ಬರದೂ ಭಾರೀ ನೋವು. ಕೊನೆಯ ಸಲ ಎಷ್ಟು ಹೊತ್ತು ಕಾದಿರಿ ಅಂದರೆ, ಒಂದು ತಾಸು, ಎರಡು ತಾಸು. ಆ ಹೆಂಗಸಿನ ಕತೆ ಎಲ್ಲಕ್ಕಿಂತ ದೊಡ್ಡದು. ಮುಂಡಗೋಡದ ಒಂದು ಹಾಸ್ಟೆಲಿನಲ್ಲಿ ಅವಳಿಗೆ ಹೊಸದಾಗಿ ಅಡುಗೆ ಕೆಲಸ ಸಿಕ್ಕಿತ್ತು. ಮಕ್ಕಳ ತಿಂಡಿಯ ಹೊತ್ತಿಗೆ ಅಲ್ಲಿರಬೇಕು. “ಮೂರ್ ಸಲ ತಡಾ ಆತ್ರಿ. ಇನ್ನೊಂದ್ ಸಲ ಆದ್ರ ಬರೂದ ಬ್ಯಾಡ ಅಂದಾರ ವಾರ್ಡನ್ ಬಾಯಾರು. ಗಾಡಿ ಇಲ್ಲಿ ನಿಂತ್ರ ನನ್ನ ಕೆಲಸ ಉಳೀತೈತಿ.”

ನಾನು ಗಂಭೀರವಾಗಿ ಬರೆದುಕೊಂಡೆ: ಉದ್ಯೋಗವೇ ಪಾರ್ಕಿಂಗಿನ ಮೇಲೆ ನಿಂತಿದೆ. ಸುತ್ತ ಒಂದು ಸೈಕಲ್ಲೂ ಕಾಣಲಿಲ್ಲ. ಅದು ನನ್ನ ತಲೆಗೆ ಹೊಳೆಯಲೂ ಇಲ್ಲ.

“ಯಾವಾಗಿಂದ ಶುರು ಆಗತೈತ್ರಿ?” ಎಂದು ಅವಳು ಕೇಳಿದಳು.

“ಸೋಮವಾರದಿಂದ ಟ್ರಯಲ್ ಐತಿ,” ಎಂದೆ. ಆ್ಯಪಿನ ಟ್ರಯಲ್ ನಿಜವಾಗಿಯೂ ಸೋಮವಾರವೇ ಇತ್ತು.

“ಗಾಡಿ ಎಲ್ಲಿ ನಿಂದ್ರಬೇಕು, ಅದನ್ನೂ ನೀವ ಹೇಳಿ ಹೋಗ್ರಿ.”

ನಾನು ದೊಡ್ಡ ಇಂಜಿನಿಯರಂತೆ ಕೈ ಚಾಚಿ ರಸ್ತೆಬದಿಯ ಮಾವಿನ ಮರ ತೋರಿಸಿದೆ. ನೆರಳಿತ್ತು, ನೆಲ ಸಮತಟ್ಟಾಗಿತ್ತು, ಹತ್ತು ಕಾರು ಹಿಡಿಸುತ್ತಿದ್ದವು. ಅವಳು ನನಗೆ ಎರಡು ಲೋಟ ಚಹಾ ಕುಡಿಸಿ ಕಳಿಸಿದಳು.

ಶನಿವಾರ ಮ್ಯಾನೇಜರರ ಫೋನು ಬಂತು. ಸಂತೋಷದಲ್ಲಿ ಅವರ ದನಿ ನಡುಗುತ್ತಿತ್ತು. “ಮೇಡಂ, ಆ ಕೇರಿಯ ಉತ್ತರಗಳು ಅದ್ಭುತ. ಹದಿನಾಲ್ಕಕ್ಕೆ ಹದಿನಾಲ್ಕೂ ಬೇಡಿಕೆ! ಅಲ್ಲಿ ಒಟ್ಟು ಎಷ್ಟು ಗಾಡಿಗಳಿವೆ?”

“ಒಂದ ಐತ್ರಿ,” ಎಂದು ಕೇರಿಯವರು ಹೇಳಿದ್ದನ್ನೇ ಹೇಳಿದೆ. “ಮುಂಜಾನೆ ಬರತೈತಿ, ಸಂಜೀಕ ಹೋಗತೈತಿ.”

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಪೇಟೆಯಲ್ಲಿ ಗಾಡಿ ಅಂದರೆ ಸ್ಕೂಟರ್, ಕಾರು. ರಸ್ತೆಬದಿಯ ಕೇರಿಯಲ್ಲಿ ಗಾಡಿ ಅಂದರೆ ಬಸ್ಸು. ಇದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಹುಟ್ಟಿದಾಗಿನಿಂದ ಬಸ್‌ಸ್ಟ್ಯಾಂಡಿನಲ್ಲಿ ನಿಂತು “ಗಾಡಿ ಬಂತೇನ್ರಿ?” ಎಂದು ಕೇಳುತ್ತಲೇ ಬೆಳೆದವಳು ನಾನು. ನಿಲುಗಡೆ ಅಂದರೆ ಪಾರ್ಕಿಂಗೂ ಹೌದು, ಬಸ್ ನಿಲ್ಲುವ ಜಾಗವೂ ಹೌದು. ಅದನ್ನೇ ಕೊರಳಿಗೆ ನೇತುಹಾಕಿಕೊಂಡು ಹೋಗಿ, ಸೋಮವಾರದಿಂದ ಬಸ್ಸು ನಿಲ್ಲುತ್ತದೆ ಎಂದು ಮಾತು ಕೊಟ್ಟು, ಮೇಲೆ ಎರಡು ಲೋಟ ಚಹಾ ಕುಡಿದು ಬಂದಿದ್ದೆ. ನನಗೆ ವಿಪರೀತ ನಾಚಿಕೆಯಾಯಿತು. ಅವಳು ನನ್ನ ಮಾತು ನಂಬಿ ಸೋಮವಾರ ಮರದ ಕೆಳಗೆ ನಿಲ್ಲುತ್ತಾಳೆ, ಬಸ್ಸು ಹೋಗಿಬಿಡುತ್ತದೆ, ನಾಲ್ಕನೇ ಸಲ ತಡವಾಗುತ್ತದೆ.

ರವಿವಾರವೇ ತಂಗಿಯ ಮನೆಗೆ ಹೋದೆ. ಸೋಮವಾರ ಬೆಳಕು ಹರಿಯುತ್ತಲೇ ಸ್ಕೂಟಿ ಹೊಡೆದುಕೊಂಡು ಕೇರಿ ಮುಟ್ಟಿದೆ. ನಿಜ ಹೇಳಿ, ಅವಳನ್ನು ಹಿಂದೆ ಕೂರಿಸಿಕೊಂಡು ಮುಂಡಗೋಡಕ್ಕೆ ಬಿಡುವುದು ನನ್ನ ವಿಚಾರ. ಮಾವಿನ ಮರದ ಕೆಳಗೆ ಒಂದು ಕಲ್ಲು ನೆಟ್ಟಿದ್ದರು. ಸುಣ್ಣ ಬಳಿದು, ಕೆಮ್ಮಣ್ಣಿನಲ್ಲಿ ‘ನಿಲುಗಡೆ’ ಎಂದು ಬರೆದಿದ್ದರು. ಬುಡದಲ್ಲಿ ತೆಂಗಿನಕಾಯಿ ಒಡೆದ ಗುರುತಿತ್ತು. ಇಡೀ ಕೇರಿ ನಿಂತಿತ್ತು. ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು, ಡಬ್ಬಿಯ ಚೀಲ ಹಿಡಿದು ಎಲ್ಲರಿಗಿಂತ ಮುಂದಿದ್ದಳು.

“ಬಸ್ಸು ಮುಂಡಗೋಡ ಮುಟ್ಟೂತನಾ ನೀವೂ ಬರ್ತೀರೇನ್ರಿ ಅಕ್ಕಾರ?” ಎಂದಳು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿತು. ಎಲ್ಲರೂ ಕೈ ಎತ್ತಿದರು. ಬಸ್ಸು ಎಂದಿನಂತೆ ವೇಗ ಹೆಚ್ಚಿಸಿತು. ಅದನ್ನು ನೋಡಿ ನನ್ನ ಮೂಗಿನ ತುದಿಯ ಸಿಟ್ಟು ನೆತ್ತಿಗೇರಿತು. ರಸ್ತೆಯ ನಟ್ಟನಡುವೆ ಹೋಗಿ ಟ್ಯಾಬ್ ಎತ್ತಿ ನಿಂತೆ.

ಬಸ್ಸು ಕಿರ್ರೆಂದು ನಿಂತಿತು. ಕಂಡಕ್ಟರ್ ಹೊರಗೆ ಬಾಗಿ ಬೈಯಲು ಬಾಯಿ ತೆರೆದವನು, ಕೊರಳಿನ ಕಾರ್ಡ್ ಓದಿ ಬಾಯಿ ಮುಚ್ಚಿದ. ನನಗೆ ಬೇರೇನೂ ತೋಚಲಿಲ್ಲ. ಕಲಿಸಿದ್ದನ್ನೇ ಕೇಳಿದೆ.

“ಇಲ್ಲಿ ಗಾಡಿ ನಿಂದ್ರಸೂದಕ್ಕ ನಿಮಗ ಏನ್ ತ್ರಾಸ ಐತ್ರಿ?”

“ತ್ರಾಸ... ತ್ರಾಸೇನಿಲ್ರಿ ಮೇಡಂ.”

“ಕೊನೀ ಸಲ ಯಾವಾಗ ನಿಂದ್ರಸಿದ್ರಿ?”

ಅವನು ಡ್ರೈವರನ ಮುಖ ನೋಡಿದ. ಡ್ರೈವರ್ ಮರದ ಕಡೆ ನೋಡಿದ. “ಇಲ್ಲಿ ಬೋರ್ಡ್ ಇದ್ದಿದ್ದಿಲ್ರಿ,” ಎಂದ ಕಂಡಕ್ಟರ್, ಸುಣ್ಣದ ಕಲ್ಲನ್ನು ನೋಡುತ್ತ. “ಈಗ ಐತೆಲ್ರಿ. ಹತ್ತರಿ, ಹತ್ತರಿ.”

ಅವಳು ಹತ್ತಿದಳು. ಹತ್ತುವಾಗ, “ಕೈ ಮಾಡಿ ಮಾಡಿ ನಮ್ಮ ರಟ್ಟಿ ಬಿದ್ದು ಹೋಗಿದ್ವು,” ಎಂದು ಅವನಿಗೆ ಒಂದು ಮಾತು ಹಾಕಿಯೇ ಒಳಗೆ ಹೋದಳು. ನಾನು ಅವನ ಉತ್ತರವನ್ನು ಟ್ಯಾಬ್‌ನಲ್ಲಿ ಬರೆದುಕೊಂಡೆ. ನಾನು ಆಡಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ.

ಆ ಸಂಜೆ ಹಾಸ್ಟೆಲಿನ ಹಿಂಬಾಗಿಲಿಗೆ ಹೋಗಿ ಅವಳಿಗೆ ಎಲ್ಲ ಹೇಳಿದೆ. ನಾನು ಬಸ್ಸಿನವಳಲ್ಲ, ಇದು ಕಾರು ನಿಲ್ಲಿಸುವವರ ಸರ್ವೇ, ನಾಳೆ ನಾನು ದಾಂಡೇಲಿಗೆ ಹೋಗುತ್ತೇನೆ ಎಂದೆ. ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು.

“ಕಾರು ನಿಂದ್ರಸಾಕ ಒಂದ್ ಸರ್ವೇ ಮಾಡ್ತಾರ?”

“ಹೂಂ.”

“ನೀವು ಯಾರರೇ ಆಗ್ರಿ, ಗಾಡಿ ನಿಂತೈತಿ,” ಎಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಚಾಚಿದಳು. “ಆ ಕೊಳ್ಳಾಗಿಂದು ಕೊಟ್ಟ ಹೋಗ್ರಿ.”

ಕೊಟ್ಟೆ. ನನ್ನ ಸಿಡುಕು ಮುಖದ ಫೋಟೋ ಅವಳ ಎದೆಯ ಮೇಲೆ ಕೂತಿತು. ಆ ಎರಡು ಮುಖಗಳಿಗೆ ಯಾವ ಸಂಬಂಧವೂ ಇರಲಿಲ್ಲ. ಆದರೆ ಮುಂದೆ ಒಂದು ದಿನವೂ ಆ ಕಂಡಕ್ಟರನ ಕಣ್ಣು ದೊಡ್ಡ ಅಕ್ಷರ ದಾಟಿ ಕೆಳಗೆ ಇಳಿಯಲೇ ಇಲ್ಲವಂತೆ.

ಕಂಪನಿಯವರು ಆ್ಯಪ್ ಮಾಡಲಿಲ್ಲ. ಬೇಡಿಕೆ ಎಲ್ಲಿ ಜೋರಾಗಿದೆಯೋ ಅಲ್ಲಿ ವಾಹನಗಳೇ ಇಲ್ಲ ಎಂದು ಅವರ ವರದಿ ಹೇಳಿತಂತೆ. ಟ್ಯಾಬ್ ವಾಪಸ್ ಕಳಿಸಿದೆ. ಕಾರ್ಡೂ ಬೇಕು, ಸಮೀಕ್ಷೆ ಅಧಿಕೃತವಾಗಿ ಮುಗಿದಿದೆ ಎಂದು ಮ್ಯಾನೇಜರ್ ಮೂರು ಸಲ ಮೆಸೇಜ್ ಹಾಕಿದರು. ಕೊನೆಗೆ ಎರಡು ತಿಂಗಳ ಮೇಲೆ ಮತ್ತೆ ಅದೇ ಸ್ಕೂಟಿಯಲ್ಲಿ ಮಾವಿನ ಮರದ ಹತ್ತಿರ ಹೋದೆ. ಕಲ್ಲಿಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಕಾರ್ಡು ವಾಪಸ್ ಬೇಕಂತೆ ಎಂದು ಅವಳಿಗೆ ಹೇಳಿದೆ. ಅವಳು ಕಾರ್ಡನ್ನು ತಲೆಯ ಮೇಲಿಂದ ತೆಗೆದು, ಕೆಂಪು ಪಟ್ಟಿಯನ್ನು ನೀಟಾಗಿ ಸುತ್ತತೊಡಗಿದಳು.

ಬಸ್ಸು ಬಂತು. ಯಾರೂ ಕೈ ಮಾಡಲಿಲ್ಲ, ತಾನಾಗಿಯೇ ನಿಂತಿತು. ಕಂಡಕ್ಟರ್ ನನ್ನ ಗುರುತು ಹಿಡಿದು ನಮಸ್ಕಾರ ಮಾಡಿದ. ಅವಳ ಕೈಯಲ್ಲಿ ಸುತ್ತಿದ್ದ ಪಟ್ಟಿ ನೋಡಿ ಕೇಳಿದ: “ಏನ್ರಿ ಮೇಡಂ, ಸರ್ವೇ ಮುಗೀತೇನ್ರಿ?”

ಅವಳು ಒಂದು ಕಾಲು ಮೆಟ್ಟಿಲ ಮೇಲಿಟ್ಟು ನನ್ನನ್ನೇ ನೋಡುತ್ತ ನಿಂತಳು.

ನಾನು ಕಾರ್ಡನ್ನು ಅವಳ ಕೈಯಿಂದ ತೆಗೆದುಕೊಂಡು, ಪಟ್ಟಿ ಬಿಚ್ಚಿ ಮತ್ತೆ ಅವಳ ಕೊರಳಿಗೆ ಹಾಕಿದೆ.

“ಎಲ್ಲೀದ್ರಿ,” ಎಂದೆ. “ಇನ್ನೂ ಭಾಳ ಐತಿ.”